ಗೃಹವಾಟಿಕೆ: ಬರಗಾಲವನ್ನರಿತ ಹೂವು

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದು ನಮ್ಮನ್ನು ಹಲವು ದಿನ ಯೋಚನೆಗೆ ಗುರಿಮಾಡಿತು. ಬಯಲುಸೀಮೆಯ ಊರೊಂದರ ಗೃಹಿಣಿಯೊಬ್ಬರು ಬರೆದುದು ಅದು. "ತಾವು ತಿಂಗಳು ತಿಂಗಳೂ ಹೂವಿನ ಗಿಡಗಳ ವಿಷಯವನ್ನು ಬರೆಯುತ್ತಿರುವಿರಿ. ನಮ್ಮ ಮನೆಗೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ೨೦೨೩ರ ಬರದಲ್ಲಿ ಕೊಳವೆಬಾವಿಯೂ ಬತ್ತಿತು. ನಮ್ಮ ಅತ್ತೆಯವರು ಇಪ್ಪತ್ತು ವರ್ಷ ಸಾಕಿದ ಮಲ್ಲಿಗೆ ಬಳ್ಳಿಯು ಅವರ ಕಣ್ಣೆದುರಿಗೇ ಒಣಗಿಹೋಯಿತು. ಅಂದಿನಿಂದ ಅಂಗಳ ಬರಿದಾಗಿದೆ. ಮತ್ತೆ ಹೂ ಬೆಳೆಸಬೇಕೆಂಬ ಆಸೆಯುಂಟು. ಆದರೆ ಕುಡಿಯುವ ನೀರಿಗೇ ಕಷ್ಟವಿರುವಲ್ಲಿ ಹೂವಿಗೆ ನೀರೆರೆಯುವುದು ಪಾಪವಲ್ಲವೆ?" ಎಂದು ಅವರು ಕೇಳಿರುವರು.

ಪ್ರಶ್ನೆಯು ಸಣ್ಣದಲ್ಲ. ಅದಕ್ಕೆ ಎರಡು ಸಾಲಿನಲ್ಲಿ ಸಮಾಧಾನ ಹೇಳಿ ಮುಗಿಸುವುದು ಮರ್ಯಾದೆಯೂ ಅಲ್ಲ. ಆದುದರಿಂದ ಈ ತಿಂಗಳ ಪುಟಗಳನ್ನು ಆ ಮಹನೀಯರ ಕಾಗದಕ್ಕೇ ಮೀಸಲಾಗಿಟ್ಟು, ನಮ್ಮ ಅಂಗಳದಲ್ಲಿ ನಾಲ್ಕೈದು ವರ್ಷಗಳಿಂದ ನಾವು ಕಂಡ ಒಂದು ಹೂವಿನ ವೃತ್ತಾಂತವನ್ನು ವಾಚಕರ ಮುಂದಿಡುವೆವು. ಉತ್ತರವು ಆ ವೃತ್ತಾಂತದೊಳಗೇ ಇರುವುದೆಂದು ನಮ್ಮ ನಂಬಿಕೆ.

ಈ ಹೂವನ್ನು ಬೀಜದ ಅಂಗಡಿಗಳಲ್ಲಿ ನಮಕ್ವಾಲ್ಯಾಂಡ್ ಡೇಸಿ ಎಂದು ಕರೆಯುವರು. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಡೈಮಾರ್ಫೊಥೀಕ ಸಿನುವಾಟ. ಕೆಲವರು ಆಫ್ರಿಕನ್ ಡೇಸಿ ಎಂದೂ ಹೇಳುವುದುಂಟು. ಆದರೆ ಆ ಹೆಸರನ್ನು ಜರ್ಬೆರಕ್ಕೂ ಆರ್ಕ್ಟೋಟಿಸಿಗೂ ಹಲವು ವರ್ಷ ಬಾಳುವ ಆಸ್ಟಿಯೊಸ್ಪರ್ಮಮ್ ಎಂಬ ಗಿಡಕ್ಕೂ ಹೇಳುವುದರಿಂದ, ಕೊಳ್ಳುವವರು ಡೈಮಾರ್ಫೊಥೀಕ ಎಂದೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಡೇಸಿ ಎಂಬ ಮಾತಿಗೆ ಹಳೆಯ ಇಂಗ್ಲಿಷಿನಲ್ಲಿ 'ಹಗಲಿನ ಕಣ್ಣು' ಎಂದರ್ಥ. ಗಿಡವು ಒಂದಡಿಯಷ್ಟು ಎತ್ತರ ಬೆಳೆಯುವುದು. ಹೂವು ಕಿತ್ತಳೆಯ ಬಣ್ಣದ್ದು. ನಡುವೆ ಕಪ್ಪು ಮಿಶ್ರವಾದ ಕಂದುಬಣ್ಣ. ಬಿಸಿಲು ಏರಿದ ಮೇಲೆ ಅರಳಿ, ಸಂಜೆಗೆ ಮುಚ್ಚಿಕೊಳ್ಳುವುದು. ಮೋಡ ಕವಿದ ದಿನ ಅರಳುವುದೇ ಇಲ್ಲ. ಇದರ ದಾಯಾದಿಯಾದ ಬಿಳಿಯ ಹೂವೊಂದಕ್ಕೆ ಲಿನ್ನೇಯಸನು ೧೭೫೩ರಲ್ಲಿ 'ಮಳೆಯ' ಎಂಬರ್ಥದ ಪ್ಲುವಿಯಾಲಿಸ್ ಎಂಬ ವಿಶೇಷಣವನ್ನು ಕೊಟ್ಟನು. ಅದು ಮುಚ್ಚಿಕೊಂಡರೆ ಮಳೆ ಬರುವುದೆಂದು ಜನರು ತಿಳಿಯುತ್ತಿದ್ದರು. ಸೂರ್ಯನನ್ನು ಕಮಲಬಂಧುವೆಂದು ಕರೆದ ನಮ್ಮ ಕವಿಗಳು ಇದನ್ನು ಕಂಡಿದ್ದರೆ, ಕೊಳದ ನೀರಿಲ್ಲದೆಯೂ ಆ ಬಾಂಧವ್ಯವನ್ನು ನಡೆಸುವ ಹೂವೊಂದಿದೆಯೆಂದು ಸಂತೋಷಪಡುತ್ತಿದ್ದರು.

ಇದರ ತೌರುಮನೆಯು ದಕ್ಷಿಣ ಆಫ್ರಿಕದ ವಾಯವ್ಯ ಭಾಗದ ನಮಕ್ವಾಲ್ಯಾಂಡ್ ಎಂಬ ಬೆಂಗಾಡು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಬಹುಮಟ್ಟಿಗೆ ೫೦ರಿಂದ ೨೫೦ ಮಿಲಿಮೀಟರಿನ ಒಳಗೆ; ನಮ್ಮ ಬೆಂಗಳೂರಿನಲ್ಲಾದರೋ ೯೦೦ನ್ನು ಮೀರುವುದು. ಆ ಅಲ್ಪ ಮಳೆಯೂ ಚಳಿಗಾಲದಲ್ಲಿಯೇ ಬೀಳುವುದು. ಅಲ್ಲಿಯ ಚಳಿಗಾಲವೆಂದರೆ ನಮ್ಮ ಆಷಾಢ ಶ್ರಾವಣಗಳ ಸಮಯ. ಆಗ ಮೊಳೆತ ಗಿಡಗಳು ಆಗಸ್ಟ್ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಅರಳಿ, ಬರಿಯ ಕಲ್ಲು ಮರಳಿನ ನೆಲವು ಕಣ್ಣು ಹಾಯುವಷ್ಟು ದೂರ ಕಿತ್ತಳೆಯ ಹಚ್ಚಡ ಹೊದ್ದಂತಾಗುವುದು. ಸ್ಪ್ರಿಂಗ್‌ಬಾಕ್ ಎಂಬ ಊರಿನ ಸುತ್ತಮುತ್ತ ಇದನ್ನು ನೋಡಲೆಂದೇ ದೂರದೂರದಿಂದ ಯಾತ್ರಿಕರು ಬರುವರು. ಕೆಲವು ವಾರಗಳು ಕಳೆದರೆ ಎಲ್ಲವೂ ಒಣಗಿ, ನೆಲವು ಮತ್ತೆ ಬರಿಗಲ್ಲು.

ಈಗ ನಮ್ಮ ಅವಿವೇಕದ ಕಥೆಯನ್ನು ಹೇಳಬೇಕು. ೨೦೨೧ರ ಅಕ್ಟೋಬರಿನಲ್ಲಿ ಮಿತ್ರರೊಬ್ಬರು ಈ ಹೂವಿನ ಬೀಜದ ಪೊಟ್ಟಣವೊಂದನ್ನು ನಮಗೆ ಕೊಟ್ಟರು. ಹೊಸದಾಗಿ ಕೈಗೆ ಬಂದ ವಸ್ತುವನ್ನು ಗೌರವದಿಂದ ಕಾಣಬೇಕೆಂದು, ನಮ್ಮ ಅಂಗಳದಲ್ಲಿಯೇ ಶ್ರೇಷ್ಠವಾದ ಪಾತಿಯನ್ನು ಅಗೆದು, ಎರಡು ಬುಟ್ಟಿ ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ಬೀಜವನ್ನು ಬಿತ್ತಿ, ತುಲಸಿಗೆ ಎರೆಯುವಂತೆ ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರೆರೆದೆವು. ಮೊಳಕೆಗಳು ಬಂದುವು, ಹತ್ತು ದಿನ ಚೆನ್ನಾಗಿದ್ದುವು. ಆಮೇಲೆ ಬುಡ ಕರಗಿ ಒಂದೊಂದಾಗಿ ಮಗ್ಗುಲಾದುವು. ಉಳಿದ ಮೂರು ನಾಲ್ಕು ಗಿಡಗಳು ಸೊಪ್ಪಿನ ಗಿಡಗಳಂತೆ ಕೊಬ್ಬಿ, ಹೂವಿನ ಮಾತನ್ನೇ ಎತ್ತದೆ ನೆಲಕ್ಕೊರಗಿದುವು. ಬೀಜವೇ ಕೆಟ್ಟದೆಂದು ನಾವು ತೀರ್ಮಾನಿಸಿ, ಮಿತ್ರರಿಗೆ ಹಾಗೆಯೇ ಹೇಳಿಯೂಬಿಟ್ಟೆವು.

ಜನವರಿಯ ಒಂದು ದಿನ ನಮ್ಮ ಮನೆಯವರು ಹಿತ್ತಿಲ ಗೋಡೆಯ ಕಡೆಯಿಂದ ನಮ್ಮನ್ನು ಕೂಗಿದರು. ಮನೆ ಕಟ್ಟಿದ ಕಾಲದಿಂದಲೂ ಅಲ್ಲಿ ಜಲ್ಲಿ ಮರಳಿನ ರಾಶಿಯೊಂದು ಬಿದ್ದಿತ್ತು. ಬಿತ್ತಿದ ದಿನ ಪೊಟ್ಟಣದ ತಳದಲ್ಲುಳಿದ ದೂಳನ್ನು ನಾವು ಅಲ್ಲಿ ಕೊಡವಿದ್ದೆವು. ಆ ಜಲ್ಲಿಯ ನಡುವೆ ಒಂಬತ್ತು ಗಿಡಗಳು ಎದ್ದು, ಮಧ್ಯಾಹ್ನದ ಬಿಸಿಲಿನಲ್ಲಿ ತುಂಬ ಅರಳಿ ನಿಂತಿದ್ದುವು. ಅವಕ್ಕೆ ಯಾರೂ ಗೊಬ್ಬರ ಹಾಕಿರಲಿಲ್ಲ. ಕಾರ್ತೀಕದಲ್ಲಿ ಬಂದ ಮಳೆಯ ಹೊರತು ಒಂದು ತಂಬಿಗೆ ನೀರನ್ನೂ ಎರೆದಿರಲಿಲ್ಲ. "ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರಿಗೆ ಇದು ತಿಳಿಯಬೇಡವೆ? ಅತಿಯಾಗಿ ಮುದ್ದುಮಾಡಿದ ಹುಡುಗ ಕೆಟ್ಟ; ಹೊರಗೆ ಬಿಟ್ಟ ಹುಡುಗ ತೇರ್ಗಡೆಯಾದ" ಎಂದು ಅವರು ನಕ್ಕರು. ಮಿತ್ರರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆವು.

ಈ ಗಿಡದ ಸ್ವಭಾವವನ್ನು ತಿಳಿಯಲು ಸಂಸ್ಕೃತದ ಒಂದು ಮಾತು ಸಹಾಯಕವಾಗಿದೆ. ಓಷಧಿ ಎಂದರೆ ಈಗ ಎಲ್ಲರೂ ಮದ್ದಿನ ಗಿಡವೆಂದೇ ತಿಳಿಯುವರು. ಆದರೆ ಅಮರಸಿಂಹನ ಕೋಶದಲ್ಲಿ ಆ ಶಬ್ದಕ್ಕೆ, ಫಲವು ಪಕ್ವವಾದೊಡನೆ ಮುಗಿದುಹೋಗುವ ಸಸ್ಯವೆಂದು ಲಕ್ಷಣ ಹೇಳಿದೆ. ಬತ್ತ, ರಾಗಿ, ಜೋಳ, ಇವೆಲ್ಲವೂ ಈ ಅರ್ಥದಲ್ಲಿ ಓಷಧಿಗಳೇ. ನಮ್ಮ ಡೇಸಿಯೂ ಒಂದು ಓಷಧಿ. ಬರವನ್ನು ತಡೆಯುವ ಗಿಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಳ್ಳಿಯಂತೆ ಮೈಯಲ್ಲಿ ನೀರು ತುಂಬಿಕೊಂಡದ್ದು ಇಲ್ಲವೆ ಜಾಲಿಯಂತೆ ಆಳಕ್ಕೆ ಬೇರಿಳಿಸಿದ್ದು. ಈ ಗಿಡದ ಉಪಾಯವೇ ಬೇರೆ. ಬೇರೂರಿದ ಮೇಲೆ ನಡುನಡುವೆ ನೀರು ತಪ್ಪಿದರೆ ಸಹಿಸುವುದೇನೋ ನಿಜ. ಆದರೆ ಬೇಸಗೆಯನ್ನು ಇದು ಎದುರಿಸುವುದೇ ಇಲ್ಲ. ತೇವವಿರುವ ಮೂರು ನಾಲ್ಕು ತಿಂಗಳಲ್ಲಿ ಮೊಳೆತು, ಬೆಳೆದು, ಹೂತು, ಬೀಜ ಕಟ್ಟಿ ತನ್ನ ಸಂಸಾರವನ್ನು ಪೂರೈಸಿಬಿಡುವುದು. ಬೇಸಗೆ ಬಂದಾಗ ಅಲ್ಲಿರುವುದು ಬೀಜ ಮಾತ್ರ. ಬೀಜಕ್ಕೆ ನೀರು ಬೇಡ.

ಈ ಮಾತಿನ ಬೆಲೆ ನಮಗೆ ತಿಳಿದುದು ಬರ ಬಂದಾಗ. ೨೦೨೩ರಲ್ಲಿ ಮಳೆ ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸರ್ಕಾರವು ಸಾರಿತು. ಆ ಅಕ್ಟೋಬರಿನಲ್ಲಿ ಬಿತ್ತಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿಯೂ ಚರ್ಚೆಯಾಯಿತು. ಕಾಗದ ಬರೆದ ಮಹನೀಯರ ಪ್ರಶ್ನೆಯನ್ನೇ ನಮ್ಮ ಮನೆಯವರು ಆಗ ಕೇಳಿದ್ದರು. ಕೊನೆಗೆ ಅವರೇ ಒಂದು ಕಟ್ಟುಪಾಡನ್ನು ವಿಧಿಸಿದರು: ಅಕ್ಕಿ ಬೇಳೆ ತರಕಾರಿಗಳನ್ನು ತೊಳೆದ ನೀರನ್ನು ಮೊದಲು ಬಳಸಬೇಕು, ಅದು ಸಾಲದಿದ್ದರೆ ಮಾತ್ರ ಬೇರೆ ನೀರು, ಎರೆದುದಕ್ಕೆಲ್ಲ ಲೆಕ್ಕ ಬರೆದಿಡಬೇಕು. ಹತ್ತಡಿ ಉದ್ದ, ನಾಲ್ಕಡಿ ಅಗಲದ ಒಂದು ಪಾತಿಯನ್ನು ಜಲ್ಲಿಯ ಪಕ್ಕದಲ್ಲಿಯೇ ಮಾಡಿದೆವು. ಮೊದಲ ಮೂರು ವಾರ ದಿನಕ್ಕೆ ೫ ಲೀಟರು. ಅನಂತರ ಆರು ವಾರ, ವಾರಕ್ಕೆ ಎರಡು ಸಲ ೧೫ ಲೀಟರು. ಹೂ ಬಿಟ್ಟ ಆರು ವಾರಗಳಲ್ಲಿ ವಾರಕ್ಕೊಮ್ಮೆ ೧೫ ಲೀಟರು. ಕೂಡಿಸಿದರೆ ೩೭೫ ಲೀಟರು, ಎಂದರೆ ೧೫ ಲೀಟರಿನ ಕೊಡದಲ್ಲಿ ೨೫ ಕೊಡ. ಹದಿನೈದು ವಾರಗಳಿಗೆ, ಎಪ್ಪತ್ತು ಗಿಡಗಳಿಗೆ, ಇಷ್ಟೇ ನೀರು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಅಡಿಗೆಮನೆಯಿಂದ ಬಂದುದು.

೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸಕೂಡದೆಂದೂ, ಬಳಸಿದವರಿಗೆ ೫,೦೦೦ ರೂಪಾಯಿ ದಂಡವೆಂದೂ ಅಪ್ಪಣೆ ಹೊರಡಿಸಿತು. ನೆರೆಹೊರೆಯವರ ಹುಲ್ಲುಹಾಸುಗಳು ಕಂದಿದುವು. ಕುಂಡದ ಗುಲಾಬಿಗಳನ್ನು ಉಳಿಸಲು ಜನರು ಬಹಳ ಪರದಾಡಿದರು. ಆ ವೇಳೆಗೆ ನಮ್ಮ ಪಾತಿಯಲ್ಲಿ ನೀರು ಬೇಡುವ ಜೀವವೇ ಇರಲಿಲ್ಲ. ಗಿಡಗಳು ಫೆಬ್ರವರಿಯಲ್ಲಿಯೇ ಒಣಗಿದ್ದುವು. ಅವುಗಳ ಬೀಜವು ಹಳೆಯ ಲಕೋಟೆಗಳೊಳಗೆ, ದೇವರ ಮನೆಯ ಗೂಡಿನಲ್ಲಿ ನಿಶ್ಚಿಂತೆಯಿಂದಿತ್ತು.

ಈಗ ಬೆಳೆಸುವ ಕ್ರಮ. ಬೆಂಗಳೂರು ಮೈಸೂರುಗಳ ಹವೆಯಲ್ಲಿ ನವರಾತ್ರಿ ಕಳೆದ ಮೇಲೆ ದೀಪಾವಳಿಯ ಆಸುಪಾಸಿನವರೆಗೆ ಬಿತ್ತನೆಯ ಕಾಲ. ದೊಡ್ಡ ಮಳೆಗಳು ನಿಂತಿರಬೇಕು. ನೆಲದಲ್ಲಿ ತೇವ ಉಳಿದಿರಬೇಕು. ದಿನಕ್ಕೆ ಆರು ಗಂಟೆಗಾದರೂ ನೇರವಾದ ಬಿಸಿಲು ಬೀಳುವ ಸ್ಥಳವನ್ನು ಆರಿಸತಕ್ಕದ್ದು. ನೆರಳಿನಲ್ಲಿ ಹೂವು ಕಣ್ಣು ತೆರೆಯುವುದಿಲ್ಲ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಹೂಗಳು ಹೆಚ್ಚಾಗಿ ಆ ಕಡೆಗೇ ಮುಖಮಾಡುವುವು. ಆದಕಾರಣ ಓಡಾಡುವ ದಾರಿಯು ಪಾತಿಯ ದಕ್ಷಿಣಕ್ಕಿದ್ದರೆ ನೋಡುವವರಿಗೆ ಹೂವಿನ ಮುಖ ಕಾಣುವುದು. ಉತ್ತರಕ್ಕಿದ್ದರೆ ಬೆನ್ನು ಮಾತ್ರ.

ಮಣ್ಣು ಮರಳು ಮಿಶ್ರವಾಗಿ, ನೀರು ನಿಲ್ಲದಂತಿರಬೇಕು. ಎರೆಮಣ್ಣಿನ ಊರಿನವರು ಪಾತಿಯನ್ನು ಅರ್ಧ ಅಡಿ ಎತ್ತರಿಸಿ, ಮರಳನ್ನೂ ಸಣ್ಣ ಜಲ್ಲಿಯನ್ನೂ ಧಾರಾಳವಾಗಿ ಬೆರೆಸುವುದು ಲೇಸು. ಗೊಬ್ಬರ ಬೇಡ. ಹಿಂದಿನ ಬೆಳೆಗೆ ಹಾಕಿದ್ದರ ಶೇಷವೇ ಸಾಕು. ಬೀಜವನ್ನು ಒಣಮರಳಿನೊಡನೆ ಕಲಸಿ, ಬೆಳೆಯತಕ್ಕ ಸ್ಥಳದಲ್ಲಿಯೇ ಎರಚಿ, ಕಾಲಂಗುಲಕ್ಕಿಂತ ಕಡಮೆ ಮಣ್ಣನ್ನು ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಬೇರಿಗೆ ನೋವಾಗುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಹೀಗೆ ಬಿತ್ತುವುದು ಮೇಲು. ಮೊಳಕೆ ಬರಲು ಹತ್ತರಿಂದ ಹದಿನೈದು ದಿನ ಬೇಕು. ಆ ದಿನಗಳಲ್ಲಿ ಮಾತ್ರ ಮೇಲ್ಮಣ್ಣು ಒಣಗದಂತೆ, ಸಣ್ಣ ತೂತುಗಳ ಝಾರಿಯಿಂದ ದಿನಕ್ಕೊಮ್ಮೆ ನೀರು ಚಿಮುಕಿಸಬೇಕು; ನೀರಿನ ರಭಸಕ್ಕೆ ಬೀಜ ಕೊಚ್ಚಿಹೋಗಬಾರದು.

ನಾಲ್ಕೈದು ಎಲೆ ಮೂಡಿದ ಮೇಲೆ ಗಿಡಗಿಡಕ್ಕೆ ಒಂಬತ್ತು ಅಂಗುಲ ಅಂತರವಿರುವಂತೆ ಹೆಚ್ಚಿನವನ್ನು ಕಿತ್ತುಹಾಕಬೇಕು. ಇದು ಗೃಹಿಣಿಯರಿಗೆ ಸಂಕಟದ ಕೆಲಸ. ಆದರೂ ಮಾಡದಿದ್ದರೆ ಎಲ್ಲವೂ ಸೊರಗುವುವು. ಇಲ್ಲಿಂದ ಮುಂದೆ ಕೈಯನ್ನು ಹಿಂದೆಗೆಯಬೇಕು. ಬೆರಳನ್ನು ಮಣ್ಣಿನೊಳಗೆ ಎರಡಂಗುಲ ಇಳಿಸಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು. ಅದೂ ಬೆಳಗಿನ ಹೊತ್ತು, ಎಲೆಗೆ ತಗಲದಂತೆ ಬುಡಕ್ಕೆ. ಉಪ್ಪು ಬಿದ್ದ ನೀರು, ಸಾಬೂನಿನ ನೀರು ಬೇಡ. ಬಿತ್ತಿದ ಎರಡು ಎರಡೂವರೆ ತಿಂಗಳಿಗೆ ಹೂ ಕಾಣುವುದು. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುತ್ತಲಿರುವುದು. ಆದರೆ ಕೊನೆಯ ಮೂರು ವಾರ ಚಿವುಟುವುದನ್ನು ನಿಲ್ಲಿಸಿ, ಬೀಜ ಕಟ್ಟಲು ಬಿಡತಕ್ಕದ್ದು.

ಬೀಜದ ವಿಷಯದಲ್ಲಿ ಒಂದು ಆಶ್ಚರ್ಯವಿದೆ. ಡೇಸಿಯ ಜಾತಿಯಲ್ಲಿ ನಾವು ಒಂದು ಹೂವೆಂದು ಕರೆಯುವುದು ಅನೇಕ ಸಣ್ಣ ಹೂಗಳ ಒಂದು ಸಭೆ. ಸುತ್ತಲೂ ದಳದಂತೆ ಕಾಣುವುದು ಒಂದೊಂದೂ ಒಂದು ಹೂವು. ನಡುವಿನ ಬಟ್ಟಲಲ್ಲಿ ಕಿಕ್ಕಿರಿದಿರುವುದು ಬೇರೆ ಬಗೆಯ ಕಿರಿಹೂಗಳು. ಅಂಚಿನ ಹೂವಿನಿಂದ ಆಗುವ ಬೀಜವು ಸಣ್ಣ ಕಡ್ಡಿಯಂತೆ ದಪ್ಪನಾಗಿ, ಮೈಯೆಲ್ಲ ಗಂಟುಗಂಟಾಗಿರುವುದು. ನಡುವಿನದು ಚಪ್ಪಟೆಯಾಗಿ, ಸುತ್ತಲೂ ತೆಳುಗಾಗದದಂಥ ರೆಕ್ಕೆಯುಳ್ಳದ್ದು. ಡೈಮಾರ್ಫೊಥೀಕ ಎಂಬ ಗ್ರೀಕ್ ಹೆಸರಿಗೆ ಇದೇ ಕಾರಣ: ಎರಡು ರೂಪದ ಬೀಜಕೋಶವುಳ್ಳದ್ದು ಎಂದರ್ಥ. ರೆಕ್ಕೆಯ ಬೀಜವು ಗಾಳಿಗೆ ಹಾರಿ ಸಾಮಾನ್ಯವಾಗಿ ಬೇಗ ಮೊಳೆಯುವುದು. ದಪ್ಪ ಬೀಜವು ತಾಯಿಯ ಹತ್ತಿರವೇ ಬಿದ್ದು ಹೆಚ್ಚು ಕಾಲ ಮಲಗಿರುವುದು. ಮೊದಲ ಮಳೆಯನ್ನು ನಂಬಿ ಎಲ್ಲ ಬೀಜಗಳೂ ಒಮ್ಮೆಗೇ ಎದ್ದು, ಮುಂದೆ ಮಳೆ ತಪ್ಪಿದರೆ ವಂಶವೇ ನಿರ್ಮೂಲವಾಗುವುದು. ಮಲಗಿದ್ದವು ಉಳಿದಿದ್ದರೆ ಮುಂದಿನ ವರ್ಷಕ್ಕೆ ಆಧಾರ. ನಮ್ಮ ಬಯಲುಸೀಮೆಯ ರೈತನು ಮೊದಲ ಹದಕ್ಕೆ ಬೀಜವನ್ನೆಲ್ಲ ಬಿತ್ತಿಬಿಡದೆ, ಮರುಬಿತ್ತನೆಗೆಂದು ಒಂದಿಷ್ಟನ್ನು ಮಡಕೆಯಲ್ಲಿ ಉಳಿಸಿಕೊಳ್ಳುವ ವಿವೇಕವೂ ಇದೇ.

ನಾವು ಇದನ್ನು ಪರೀಕ್ಷಿಸಿ ನೋಡಿದೆವು. ೨೦೨೪ರ ಅಕ್ಟೋಬರಿನಲ್ಲಿ ಎರಡು ಬಗೆಯ ಬೀಜಗಳನ್ನೂ ಬೇರೆಬೇರೆ ಸಾಲುಗಳಲ್ಲಿ ಬಿತ್ತಿದೆವು. ರೆಕ್ಕೆಯ ಬೀಜದ ಸಾಲು ಎರಡು ವಾರಕ್ಕೆ ಹಸುರಾಯಿತು. ದಪ್ಪ ಬೀಜದ ಸಾಲಿನಲ್ಲಿ ಎದ್ದುದು ನಾಲ್ಕೇ ಗಿಡ. ಚಳಿಗಾಲ ಕಳೆದ ಮೇಲೆ ಆ ಸಾಲನ್ನು ಅಗೆದು ಹಸನುಮಾಡಲು ಗುದ್ದಲಿ ಹಿಡಿದೆವು. "ಅದರ ಪಾಡಿಗೆ ಅದಿರಲಿ, ನಿಮಗೇನು ಅವಸರ?" ಎಂದು ನಮ್ಮ ಮನೆಯವರು ತಡೆದರು. ೨೦೨೫ರ ಅಕ್ಟೋಬರಿನ ಮಳೆಗೆ ಯಾರೂ ಬಿತ್ತದ ಆ ಸಾಲಿನಲ್ಲಿ ಹತ್ತೊಂಬತ್ತು ಮೊಳಕೆಗಳು ಎದ್ದುವು. ಆ ಬೆಳಗ್ಗೆ ಕನ್ನಡಕವನ್ನು ಒರಸಿಕೊಂಡು ಮತ್ತೆ ಮತ್ತೆ ಎಣಿಸಿದೆವು.

ಈಗ ಪ್ರಶ್ನೆಗೆ ಉತ್ತರ. ಹೂವಿಗೆ ನೀರೆರೆಯುವುದು ಪಾಪವೆಂದು ನಮಗೆ ತೋರುವುದಿಲ್ಲ. ಮನೆಯ ಅಂಗಳದಲ್ಲಿ ಹೂವಿದ್ದರೆ ಮಕ್ಕಳ ಮನಸ್ಸಿಗೂ ಮುದುಕರ ಮನಸ್ಸಿಗೂ ಒಂದು ಅನ್ನವಿದ್ದಂತೆ. ಆದರೆ ನೀರಿನ ಲೆಕ್ಕವಿಡದೆ ಎರೆಯುವುದು ಮಾತ್ರ ತಪ್ಪು. ತೊಳೆದ ನೀರಿನಲ್ಲಿ ನಡೆಯುವಷ್ಟೇ ಪಾತಿಯನ್ನು ಮಾಡಿರಿ. ನಾಲ್ಕಡಿ ಚೌಕವಾದರೂ ಸಾಕು, ಅದಕ್ಕೆ ನಮ್ಮ ಲೆಕ್ಕದಂತೆ ಹತ್ತು ಕೊಡ ನೀರು. ಅಷ್ಟೂ ಇಲ್ಲದ ವರ್ಷ, ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಿಸುವ ವರ್ಷ, ಬಿತ್ತಬೇಡಿರಿ. ಹಾಗೆ ಬಿತ್ತದಿದ್ದರೆ ತೋಟವನ್ನು ತೊರೆದಂತಾಗುವುದಿಲ್ಲ. ಒಣಗಿಸಿ, ಕಾಗದದಲ್ಲಿ ಕಟ್ಟಿ, ತೇವ ತಗಲದಂತಿಟ್ಟ ಬೀಜವು ಒಂದು ಮಳೆಗಾಲವನ್ನು ಕಾಯಬಲ್ಲದು. ಮನೆಯ ಮಗುವಿನ ಬಾಯಾರಿಕೆಯು ಒಂದು ಗಳಿಗೆಯನ್ನೂ ಕಾಯಲಾರದು. ತಮ್ಮ ಅತ್ತೆಯವರ ಮಲ್ಲಿಗೆಯನ್ನು ಒಣಗಲು ಬಿಟ್ಟಾಗ ತಾವು ಮಾಡಿದುದು ಸರಿಯಾದ ಲೆಕ್ಕವೇ. ಅದಕ್ಕಾಗಿ ತಾವೂ ಅವರೂ ಮನಸ್ಸನ್ನು ನೋಯಿಸಿಕೊಳ್ಳಬೇಕಾಗಿಲ್ಲ.

ಆ ಮಹನೀಯರ ವಿಳಾಸಕ್ಕೆ ಎರಡು ಪೊಟ್ಟಣಗಳನ್ನು ಅಂಚೆಯಲ್ಲಿ ಕಳುಹಿಸಿರುವೆವು. ಒಂದರ ಮೇಲೆ 'ರೆಕ್ಕೆಯದು' ಎಂದೂ ಇನ್ನೊಂದರ ಮೇಲೆ 'ದಪ್ಪನೆಯದು' ಎಂದೂ ಬರೆದಿದೆ. ಮೊದಲನೆಯದನ್ನು ಈ ವರ್ಷ ಮಳೆಯನ್ನು ನೋಡಿಕೊಂಡು ಬಿತ್ತಲಿ. ಎರಡನೆಯದನ್ನು ಮಲ್ಲಿಗೆಯಿದ್ದ ಸ್ಥಳದಲ್ಲಿ ಚೆಲ್ಲಿ, ಎರಡು ಮಳೆಗಾಲ ಅಲ್ಲಿ ಗುದ್ದಲಿ ಹಾಕದೆ ಬಿಡಲಿ. ಏನಾಯಿತೆಂಬುದನ್ನು ತಿಳಿಸಿದರೆ ಈ ಪುಟಗಳಲ್ಲಿಯೇ ಪ್ರಕಟಿಸುವೆವು.